ಪ್ರವಾಸಕ್ಕೆ ಫಿಲ್ಮ್ ರೇಂಜ್‌ಫೈಂಡರಾ, ಡಿಜಿಟಲ್ ರೇಂಜ್‌ಫೈಂಡರಾ?

ಈ ಸಲದ ಕಂತು ಒಂದು ಈಮೇಲ್‌ನಿಂದ ಶುರುವಾಯ್ತು. ಸಿಂಗಪುರದಲ್ಲಿರುವ ಕೇಳುಗರೊಬ್ಬರು ಡಿಸೆಂಬರ್‌ನಲ್ಲಿ ಊರಿಗೆ ಹೊರಟಿದ್ದಾರೆ. ಮೊದಲು ತಂದೆಯವರ ಎಪ್ಪತ್ತರ ಶಾಂತಿ, ಅದಾದ ಮೇಲೆ ಮನೆಮಂದಿಯೆಲ್ಲ ಸೇರಿ ಹಂಪಿ, ಬಾದಾಮಿ. ಚಿಕ್ಕಪ್ಪನ ಹಳೇ ಕ್ಯಾನನ್ ಕ್ಯಾನೊನೆಟ್ ರೇಂಜ್‌ಫೈಂಡರ್ ಇವರ ಹತ್ತಿರ ಇದೆ. "ಇದನ್ನೇ ರಿಪೇರಿ ಮಾಡಿಸಿ ಫಿಲ್ಮ್ ಹಾಕಿಕೊಂಡು ಹೋಗಲಾ, ಇಲ್ಲಾ ಕೂಡಿಟ್ಟ ದುಡ್ಡಲ್ಲಿ ಡಿಜಿಟಲ್ ರೇಂಜ್‌ಫೈಂಡರ್ ತಗೊಳ್ಳಲಾ?" ಅಂತ ಕೇಳಿದ್ದಾರೆ.

ಈ ವಿಷಯದಲ್ಲಿ ನಾವೇ ಕೈ ಸುಟ್ಟುಕೊಂಡವರು. ಎರಡು ವರ್ಷದ ಹಿಂದೆ ಶಿರಸಿ ಹತ್ತಿರದ ನಮ್ಮ ಅಜ್ಜಿ ಮನೆಗೆ ಹೋಗುವಾಗ ಎರಡೂ ಥರದ ಕ್ಯಾಮೆರಾ ಒಯ್ದಿದ್ವಿ. ಫಿಲ್ಮಿನದ್ದು ನಮ್ಮದೇ, ಡಿಜಿಟಲ್ಲಿನದ್ದು ಗೆಳೆಯರಿಂದ ತಂದದ್ದು. ಎರಡಕ್ಕೂ ಒಂದೇ 35 ಮಿಲಿಮೀಟರ್ ಲೆನ್ಸು, ಬಿಚ್ಚಿ ಬಿಚ್ಚಿ ಹಾಕ್ತಿದ್ವಿ. ಬೇಕೇ ಬೇಕು ಅಂದುಕೊಂಡಿದ್ದ ಮೂರು ಫೋಟೋ ಹಾಳಾದವು, ಅದೂ ಮೂರು ಬೇರೆ ಬೇರೆ ಕಾರಣಕ್ಕೆ. ಅಜ್ಜಿ ಕಳೆದ ವರ್ಷ ಹೋಗಿಬಿಟ್ಟರು. ಹಾಗಾಗಿ ಅವನ್ನು ಮತ್ತೆ ತೆಗೆಯುವ ಮಾತಿಲ್ಲ. ಯಾಕೆ ಹಾಳಾದವು ಅಂತ ತಿಳಿದುಕೊಳ್ಳೋಕೆ ಹೊರಟಾಗ ನಮಗೆ ಸಿಕ್ಕಿದ್ದನ್ನ ಇವತ್ತು ಹೇಳ್ತೀವಿ.

ಮೊದಲು ರೇಂಜ್‌ಫೈಂಡರ್ ಅಂದ್ರೇನು ನೋಡೋಣ. ಒಂದು ಬೆರಳನ್ನ ಮುಖದ ಮುಂದೆ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ. ಬೆರಳು ಅತ್ತಿತ್ತ ಜಿಗಿಯತ್ತೆ ಅಲ್ವಾ? ಬೆರಳು ಹತ್ತಿರ ಇದ್ದರೆ ದೊಡ್ಡ ಜಿಗಿತ, ದೂರ ಇದ್ದರೆ ಸಣ್ಣ ಜಿಗಿತ. ಈ ಜಿಗಿತದಿಂದ ದೂರವನ್ನು ಲೆಕ್ಕ ಹಾಕಬಹುದು. ಕ್ಯಾಮೆರಾದ ಮುಂಭಾಗದಲ್ಲಿ ಇದೇ ಥರ ಎರಡು ಕಿಟಕಿ. ಲೈಕಾ ಎಂ ಕ್ಯಾಮೆರಾದಲ್ಲಿ ಅವುಗಳ ನಡುವಿನ ಅಂತರ 69.25 ಮಿಲಿಮೀಟರ್, ಹೆಚ್ಚುಕಮ್ಮಿ ನಮ್ಮ ಕಣ್ಣುಗಳ ಅಂತರಕ್ಕಿಂತ ಸ್ವಲ್ಪ ಜಾಸ್ತಿ. ಎರಡನೇ ಕಿಟಕಿಯ ಚಿತ್ರ ವ್ಯೂಫೈಂಡರ್ ಮಧ್ಯದ ಚಿಕ್ಕ ಚೌಕದಲ್ಲಿ ಬಂದು ಬೀಳತ್ತೆ. ಲೆನ್ಸಿನ ಫೋಕಸ್ ತಿರುಗಿಸಿದಂತೆ ಒಳಗಿನ ಒಂದು ಸನ್ನೆ ಅದರ ಜೊತೆಗೇ ಸರಿಯತ್ತೆ, ಆ ಚಿತ್ರವೂ ಸರಿಯತ್ತೆ. ಎರಡು ಮೂಗು ಒಂದಾದ ಕ್ಷಣ ಫೋಕಸ್ ಆಯ್ತು ಅಂತ ಅರ್ಥ. ಅಂದ್ರೆ ನೀವು ಲೆನ್ಸಿನ ಮೂಲಕ ನೋಡ್ತಾನೇ ಇಲ್ಲ. ಮುಚ್ಚಳ ತೆಗೆಯದೆ ಇಡೀ ರೋಲ್ ಹೊಡೆದವರು ನಮ್ಮಲ್ಲೇ ಇದ್ದಾರೆ, ಹೆಸರು ಬೇಡ.

ನಾವಿರೋದು ಫ್ರಾಂಕ್‌ಫರ್ಟ್ ಕಡೆ. ರೈಲಲ್ಲಿ ಸುಮಾರು ಒಂದು ಗಂಟೆ ಹೋದ್ರೆ ವೆಟ್ಸ್ಲಾರ್ ಅನ್ನೋ ಪುಟ್ಟ ಊರು. ಅಲ್ಲಿನ ಲೈಟ್ಸ್ ಕಂಪನಿಯಲ್ಲಿ ಕೆಲಸಕ್ಕಿದ್ದ ಓಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮ್ ಬಳಸುವ ಪುಟ್ಟ ಕ್ಯಾಮೆರಾದ ಮಾದರಿಯೊಂದನ್ನ 1914ರ ಹೊತ್ತಿಗೆ ಮಾಡಿದ್ರು. ಅದು ಲೈಕಾ ಹೆಸರಲ್ಲಿ ಮಾರುಕಟ್ಟೆಗೆ ಬಂದದ್ದು 1925ರಲ್ಲಿ, ಲೆನ್ಸಿನ ಜೊತೆಗೇ ಓಡುವ ರೇಂಜ್‌ಫೈಂಡರ್ ಅದಕ್ಕೆ ಸೇರಿದ್ದು 1932ರಲ್ಲಿ, ಎಂ3 ಬಂದದ್ದು 1954ರಲ್ಲಿ. ಅಲ್ಲಿಂದ ಇಲ್ಲಿವರೆಗೆ ಕಿಟಕಿ, ಸನ್ನೆ, ಚೌಕ ಹೆಚ್ಚು ಬದಲಾಗಿಲ್ಲ. 2004ರಲ್ಲಿ ಎಪ್ಸನ್ ಆರ್‌-ಡಿ1 ಬಂತು, ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಅದು. 2006ರಲ್ಲಿ ಲೈಕಾ ಎಂ8, 2009ರಲ್ಲಿ ಪೂರ್ತಿ 35 ಮಿಲಿಮೀಟರ್ ಚೌಕಟ್ಟಿನ ಎಂ9. ತಮಾಷೆ ಅಂದ್ರೆ 2022ರಲ್ಲಿ ಅದೇ ಕಂಪನಿ 60 ಮೆಗಾಪಿಕ್ಸೆಲ್‌ನ ಎಂ11 ತಂದು, ಅದೇ ವರ್ಷ 1984ರ ಫಿಲ್ಮ್ ಕ್ಯಾಮೆರಾ ಎಂ6ನ್ನೂ ಮತ್ತೆ ತಯಾರಿಸೋಕೆ ಶುರು ಮಾಡ್ತು.

ಹಾಗಾಗಿ ಕೈಯಲ್ಲಿ ಹಿಡಿದಾಗ ಎರಡೂ ಒಂದೇ ಅನ್ನಿಸತ್ತೆ. ವ್ಯತ್ಯಾಸ ಇರೋದು ಲೆನ್ಸಿನ ಹಿಂದೆ. ಒಂದು ಯಾವ ತಪ್ಪನ್ನ ಹೊಟ್ಟೆಗೆ ಹಾಕಿಕೊಳ್ಳತ್ತೋ ಇನ್ನೊಂದು ಅದನ್ನೇ ಎತ್ತಿ ತೋರಿಸತ್ತೆ.

ನಮ್ಮ ಮೊದಲ ಹಾಳಾದ ಫೋಟೋ ಜಗಲಿಯದ್ದು, ಡಿಜಿಟಲ್ಲಲ್ಲಿ ತೆಗೆದದ್ದು. ಅಜ್ಜಿ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ರು. ನಾವು ಒಂದು ಮೀಟರ್ ದೂರದಿಂದ, ಅಪರ್ಚರ್ ಪೂರ್ತಿ ತೆರೆದು, ಎಫ್‌/2ರಲ್ಲಿ ಅವರ ಕಣ್ಣಿಗೆ ಫೋಕಸ್ ಮಾಡಿದ್ವಿ. ಕಂಪ್ಯೂಟರಲ್ಲಿ ನೋಡಿದ್ರೆ ಕಿವಿಯ ಬೆಂಡೋಲೆ ಸ್ಪಷ್ಟ, ಕಣ್ಣು ಮಂಜು. ಅದೇ ಲೆನ್ಸು ಫಿಲ್ಮ್ ಕ್ಯಾಮೆರಾದಲ್ಲಿ ವರ್ಷಗಟ್ಟಲೆ ಚೆನ್ನಾಗೇ ಕೆಲಸ ಮಾಡಿತ್ತು. ಈಗೇನಾಯ್ತು?

ಲೆನ್ಸಿನ ಮೇಲೆ ಅಪರ್ಚರ್‌ಗೆ ತಕ್ಕಂತೆ ಎಷ್ಟು ದೂರದಿಂದ ಎಷ್ಟು ದೂರದವರೆಗೆ ಸ್ಪಷ್ಟ ಅಂತ ತೋರಿಸುವ ಗೆರೆಗಳನ್ನ ನೀವು ನೋಡಿರಬಹುದು. ಆ "ಸ್ಪಷ್ಟ"ಕ್ಕೆ ಒಂದು ಲೆಕ್ಕ ಇದೆ. ಒಂದು ಚುಕ್ಕೆ ಫಿಲ್ಮಿನ ಮೇಲೆ ಹರಡಿ 0.03 ಮಿಲಿಮೀಟರ್ ಅಗಲ ಆದರೂ ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿನಲ್ಲಿ ಅದು ಚುಕ್ಕೆಯಾಗೇ ಕಾಣತ್ತೆ ಅನ್ನೋದು ಹಳೇ ಒಪ್ಪಂದ. ಆ ಲೆಕ್ಕದಲ್ಲಿ 35 ಮಿಲಿಮೀಟರ್ ಲೆನ್ಸನ್ನ ಎಫ್‌/8ಕ್ಕಿಟ್ಟು 3 ಮೀಟರ್‌ಗೆ ಫೋಕಸ್ ಮಾಡಿದ್ರೆ ಸುಮಾರು 1.9 ಮೀಟರಿಂದ 7.2 ಮೀಟರ್‌ವರೆಗೆ ಎಲ್ಲ ಸರಿ. ಬೀದಿಯಲ್ಲಿ, ಸಂತೆಯಲ್ಲಿ ಫೋಕಸ್ ಮುಟ್ಟದೇ ಪಟಪಟ ಅಂತ ತೆಗೆಯೋರೆಲ್ಲ ನಂಬೋದು ಇದನ್ನೇ. ಆದರೆ 60 ಮೆಗಾಪಿಕ್ಸೆಲ್ ಸೆನ್ಸರಿನ ಒಂದು ಪಿಕ್ಸೆಲ್ ಸುಮಾರು 0.0038 ಮಿಲಿಮೀಟರ್. ಆ 0.03 ಅನ್ನೋದು ಎಂಟು ಪಿಕ್ಸೆಲ್ ಅಗಲದ ಮಬ್ಬು! ಪರದೆಯಲ್ಲಿ ಹಿಗ್ಗಿಸಿ ನೋಡುವ ನಾವು ಅದರ ಅರ್ಧದಷ್ಟನ್ನು ಮಾತ್ರ ಸಹಿಸ್ತೀವಿ ಅಂತಿಟ್ಟುಕೊಳ್ಳಿ. ಆಗ ಅದೇ ಸೆಟ್ಟಿಂಗಿನಲ್ಲಿ ಸ್ಪಷ್ಟ ಇರೋದು 2.3 ಮೀಟರಿಂದ 4.2 ಮೀಟರ್‌ವರೆಗೆ ಅಷ್ಟೇ. ಲೆನ್ಸ್ ಅದೇ, ಗೆರೆ ಅದೇ, ಅರ್ಥ ಬೇರೆ ಆಯ್ತು. ಜಗಲಿಯ ಫೋಟೋದಲ್ಲಂತೂ ಹಳೇ ಲೆಕ್ಕದಲ್ಲೇ ಸ್ಪಷ್ಟ ಇರೋದು ಒಟ್ಟು ಹತ್ತು ಸೆಂಟಿಮೀಟರ್, ಹೊಸ ಲೆಕ್ಕದಲ್ಲಿ ಐದು.

ಇದರ ಮೇಲೆ ಇನ್ನೊಂದು. ಫಿಲ್ಮ್‌ಗೆ ದಪ್ಪ ಇದೆ, ಒಂಚೂರು ಬಾಗಿರತ್ತೆ, ಬೆಳಕು ಅದರ ಪದರಗಳೊಳಗೆ ಇಳಿಯತ್ತೆ. ಸೆನ್ಸರ್ ಗಾಜಿನ ಹಾಗೆ ಸಪಾಟು. ರೇಂಜ್‌ಫೈಂಡರಿನ ಸನ್ನೆ ಕೂದಲೆಳೆಯಷ್ಟು ತಪ್ಪಿದ್ರೂ ಫಿಲ್ಮಿನಲ್ಲಿ ಮುಚ್ಚಿಹೋಗತ್ತೆ, ಸೆನ್ಸರಿನಲ್ಲಿ ಬಯಲಾಗತ್ತೆ. ನ್ಯಾಯವಾಗಿ ಹೇಳಬೇಕಂದ್ರೆ ಇದು ಡಿಜಿಟಲ್‌ನ ದೋಷ ಅಲ್ಲ. ಅಜ್ಜಿಯ ಅದೇ ಫೋಟೋವನ್ನ ಪೋಸ್ಟ್‌ಕಾರ್ಡ್ ಅಳತೆಗೆ ಪ್ರಿಂಟ್ ಹಾಕಿಸಿದ್ವಿ, ಕಣ್ಣು ಸಾಕಷ್ಟು ಚೆನ್ನಾಗೇ ಕಾಣತ್ತೆ. ಈಗ ಆಲ್ಬಮ್‌ನಲ್ಲಿದೆ.

ಎರಡನೇದು ಅಂಗಳದ್ದು, ಇದೂ ಡಿಜಿಟಲ್. ಮಧ್ಯಾಹ್ನದ ಬಿಸಿಲು, ಬಿಳಿ ಸೀರೆ ಉಟ್ಟ ಅಜ್ಜಿ ಅಡಿಕೆ ಹರವುತ್ತಿದ್ರು. ಸೀರೆಯ ನೆರಿಗೆಯೆಲ್ಲ ಹೋಗಿ ಅಲ್ಲೊಂದು ಬಿಳಿ ತೂತು ಬಿದ್ದ ಹಾಗಾಗಿದೆ. ಸೆನ್ಸರಿನ ಪ್ರತಿ ಪಿಕ್ಸೆಲ್ಲನ್ನ ಮಳೆಯಲ್ಲಿಟ್ಟ ಬಿಂದಿಗೆ ಅಂದ್ಕೊಳ್ಳಿ. ಬೆಳಕು ಬಿದ್ದಷ್ಟು ಎಲೆಕ್ಟ್ರಾನ್ ತುಂಬತ್ತೆ. ತುಂಬಿ ತುಳುಕಿದ ಮೇಲೆ ಎಷ್ಟು ಮಳೆ ಬಂದರೂ ಲೆಕ್ಕ ಅಷ್ಟೇ. ತುಂಬಿದ ಎರಡು ಬಿಂದಿಗೆ ನಡುವೆ ವ್ಯತ್ಯಾಸವೇ ಇಲ್ಲ, ಹಾಗಾಗಿ ನೆರಿಗೆಯೂ ಇಲ್ಲ. ಯಾವ ಸಾಫ್ಟ್‌ವೇರ್ ಬಂದರೂ ಇಲ್ಲದ ಮಾಹಿತಿಯನ್ನ ತರಲಾರದು.

ಕಲರ್ ನೆಗೆಟಿವ್ ಫಿಲ್ಮ್ ಬೇರೆ ಥರ. ಅದರಲ್ಲಿರೋದು ದೊಡ್ಡವು, ಚಿಕ್ಕವು ಸೇರಿದ ಬೆಳ್ಳಿ ಉಪ್ಪಿನ ಹರಳುಗಳು. ದೊಡ್ಡ ಹರಳು ಕಡಿಮೆ ಬೆಳಕಿಗೇ ಎಚ್ಚರಗೊಳ್ಳತ್ತೆ, ಚಿಕ್ಕದಕ್ಕೆ ಜಾಸ್ತಿ ಬೆಳಕು ಬೇಕು. ದೊಡ್ಡವು ಮುಗಿದ ಮೇಲೂ ಚಿಕ್ಕವು ಉಳಿದಿರ್ತಾವೆ. ಹಾಗಾಗಿ ಬೆಳಕು ಎರಡು ಸ್ಟಾಪ್, ಅಂದ್ರೆ ನಾಲ್ಕು ಪಟ್ಟು ಹೆಚ್ಚಾದ್ರೂ ಸೀರೆಯ ನೆರಿಗೆ ಉಳಿಯತ್ತೆ. ಆದರೆ ಬೆಳಕು ಕಡಿಮೆ ಆದ್ರೆ ಫಿಲ್ಮ್ ಕೈಬಿಡತ್ತೆ, ನೆರಳಿನ ಜಾಗದಲ್ಲಿ ಹರಳು ಎದ್ದೇ ಇರಲ್ಲ. ಡಿಜಿಟಲ್‌ನಲ್ಲಿ ಉಲ್ಟಾ. ಕತ್ತಲಾಗಿ ಬಂದ ಫೋಟೋವನ್ನ ಆಮೇಲೆ ಎಷ್ಟೋ ಮೇಲೆತ್ತಬಹುದು. ಹಾಗಾಗಿ ಫಿಲ್ಮಿಗಾದ್ರೆ ನೆರಳು ನೋಡಿ ಅಳೀರಿ, ಡಿಜಿಟಲ್ಲಿಗಾದ್ರೆ ಬಿಸಿಲು ನೋಡಿ ಅಳೀರಿ. ಫಿಲ್ಮಿನ ಅಭ್ಯಾಸದಲ್ಲೇ ಡಿಜಿಟಲ್ ಹಿಡಿದದ್ದು ಅವತ್ತು ನಮ್ಮ ತಪ್ಪು. ಸ್ಲೈಡ್ ಫಿಲ್ಮ್ ಮಾತ್ರ ಈ ವಿಷಯದಲ್ಲಿ ಡಿಜಿಟಲ್ಲಿನ ಹಾಗೇ ಬಿಗಿ, ಹೆಚ್ಚಿನ ಬೆಳಕನ್ನ ತಡೆಯಲ್ಲ.

ಮೂರನೇದೇ ನಮಗೆ ಹೆಚ್ಚು ನೋವು ಕೊಟ್ಟದ್ದು. ಅಡುಗೆಮನೆ, ಬೆಳಿಗ್ಗೆ, ಒಲೆ ಮುಂದೆ ಅಜ್ಜಿ, ಬೆಳಕು ಅಂದ್ರೆ ಗೋಡೆಯ ಗವಾಕ್ಷಿಯಿಂದ ಬಂದಷ್ಟೇ. 400 ಐಎಸ್‌ಒ ಫಿಲ್ಮ್. ಫೋಕಸ್ ಸರಿ ಇತ್ತು, ಎಕ್ಸ್‌ಪೋಷರ್ ಸ್ವಲ್ಪ ಕಮ್ಮಿ ಇದ್ದಿರಬಹುದು. ತೊಳೆಸಿ ತಂದಾಗ ಕಪ್ಪಿರಬೇಕಾದ ಜಾಗವೆಲ್ಲ ಕೊಳಕು ಬೂದು, ಅದರ ಮೇಲೆ ಅಲೆ ಅಲೆಯಾದ ಪಟ್ಟಿ. ಅದೇ ರೋಲಿನ ಬಿಸಿಲಿನ ಫೋಟೋಗಳು ಮಾತ್ರ ಹೆಚ್ಚು ಕೆಟ್ಟಿರಲಿಲ್ಲ.

ಕಾರಣ ವಿಮಾನ ನಿಲ್ದಾಣ. ಒಂದು ಕಡೆ ರೋಲನ್ನ ಕೈಯಲ್ಲೇ ಪರೀಕ್ಷೆ ಮಾಡಿ ಅಂತ ಕೇಳಿಕೊಂಡ್ವಿ. 800ಕ್ಕಿಂತ ಕಡಿಮೆ ಇದ್ದರೆ ಏನಾಗಲ್ಲ ಅಂತ ಯಂತ್ರದೊಳಗೆ ಕಳಿಸಿದ್ರು. ಆ ಮಾತು ಹಳೇ ಎಕ್ಸ್‌ರೇ ಯಂತ್ರಕ್ಕೆ ಸರಿ. ಈಗ ಎಷ್ಟೋ ಕಡೆ ಬಂದಿರೋದು ಆಸ್ಪತ್ರೆಯಲ್ಲಿರುವಂಥ ಸಿಟಿ ಸ್ಕ್ಯಾನರ್. ಚೀಲವನ್ನ ಸುತ್ತಲಿಂದ ಹಲವು ಕೋನಗಳಲ್ಲಿ ಎಕ್ಸ್‌ರೇ ತೆಗೆದು ಮೂರು ಆಯಾಮದ ಚಿತ್ರ ಕಟ್ಟುವಂಥದ್ದು. ಅದಕ್ಕೇ ಲ್ಯಾಪ್‌ಟಾಪ್ ಹೊರಗೆ ತೆಗೀಬೇಡಿ ಅಂತಾರಲ್ಲ, ಅದೇ. ತೊಳೆಯದ ಫಿಲ್ಮನ್ನ ಇದರೊಳಗೆ ಹಾಕಬೇಡಿ ಅಂತ ಫಿಲ್ಮ್ ತಯಾರಕರೇ ಎಚ್ಚರಿಸ್ತಾರೆ.

ಒಂದು ಹರಳಿನಲ್ಲಿ ಸುಮಾರು ನಾಲ್ಕು ಬೆಳ್ಳಿ ಪರಮಾಣು ಗುಂಪುಗೂಡಿದ್ರೆ ಸಾಕು, ಡೆವಲಪರ್ ಆ ಇಡೀ ಹರಳನ್ನ ಕಪ್ಪು ಮಾಡತ್ತೆ. ಆ ನಾಲ್ಕನ್ನ ಸೇರಿಸಿದ್ದು ಗವಾಕ್ಷಿಯ ಬೆಳಕೋ ಎಕ್ಸ್‌ರೇನೋ ಅಂತ ಹರಳಿಗೆ ಗೊತ್ತಾಗಲ್ಲ. ಎಕ್ಸ್‌ರೇ ಫಿಲ್ಮಿನ ಮೇಲೆಲ್ಲ ಒಂದಿಷ್ಟು ಸುಳ್ಳು ಬೆಳಕನ್ನ ಸುರಿಯತ್ತೆ. ಬಿಸಿಲಿನ ಜಾಗದಲ್ಲಿ ನಿಜವಾದ ಬೆಳಕೇ ಬೇಕಾದಷ್ಟಿದೆ, ಸುಳ್ಳು ಲೆಕ್ಕಕ್ಕಿಲ್ಲ. ನೆರಳಲ್ಲಿ ನಿಜವೇ ಚೂರು, ಸುಳ್ಳು ಅದನ್ನ ನುಂಗಿಹಾಕತ್ತೆ. ಅಡುಗೆಮನೆ ಹೋಗಿ ಅಂಗಳ ಉಳಿದದ್ದು ಇದಕ್ಕೇ. ಪ್ರತಿ ಸ್ಕ್ಯಾನಿನ ಪೆಟ್ಟು ಹಿಂದಿನದಕ್ಕೆ ಸೇರ್ತಾ ಹೋಗತ್ತೆ. ನಮ್ಮ ರೋಲ್ ಹೋಗ್ತಾ ಬರ್ತಾ ಎರಡೂ ಸಲ ಯಂತ್ರದೊಳಗೆ ಹೋಗಿತ್ತು. ಡಿಜಿಟಲ್ ಕ್ಯಾಮೆರಾಗೆ, ಮೆಮೊರಿ ಕಾರ್ಡಿಗೆ ಈ ಭಯ ಇಲ್ಲ.

ಅಮೆರಿಕದಲ್ಲಿ ಕೇಳಿದ್ರೆ ಕೈಯಲ್ಲಿ ಪರೀಕ್ಷೆ ಮಾಡ್ತಾರೆ, ಬೇರೆ ಎಷ್ಟೋ ಕಡೆ ಅದು ಆ ಅಧಿಕಾರಿಯ ಮನಸ್ಸು. ಚೆಕ್‌-ಇನ್ ಸೂಟ್‌ಕೇಸಿನಲ್ಲಂತೂ ಇಡಲೇಬೇಡಿ, ಅಲ್ಲಿನ ಯಂತ್ರ ಇನ್ನೂ ಜೋರು. ನಾವು ಈಗ ಮಾಡೋದು ಇಷ್ಟೇ: ಫಿಲ್ಮನ್ನ ಬೆಂಗಳೂರಲ್ಲೇ ಕೊಂಡು, ವಾಪಸ್ ಹೊರಡೋ ಮುಂಚೆ ಅಲ್ಲೇ ತೊಳೆಸಿಬಿಡ್ತೀವಿ. ತೊಳೆದ ನೆಗೆಟಿವ್‌ಗೆ ಯಾವ ಎಕ್ಸ್‌ರೇಯೂ ಏನೂ ಮಾಡಲ್ಲ.

ಡಿಜಿಟಲ್ ಕಡೆಯ ಇನ್ನೊಂದು ಕಥೆ ಹೇಳದೇ ಇರೋಕಾಗಲ್ಲ. ರೇಂಜ್‌ಫೈಂಡರಿನಲ್ಲಿ ಕನ್ನಡಿ ಇಲ್ಲ, ಹಾಗಾಗಿ ಲೆನ್ಸಿನ ಹಿಂಬದಿ ಫಿಲ್ಮಿನ ಹತ್ತಿರಕ್ಕೇ ಬರಬಹುದು. ಲೆನ್ಸ್ ಕೂರುವ ಜಾಗದಿಂದ ಫಿಲ್ಮಿಗೆ ಲೈಕಾ ಎಂನಲ್ಲಿ 27.8 ಮಿಲಿಮೀಟರ್, ನಿಕಾನ್ ಎಫ್‌ನಲ್ಲಿ 46.5. ಅದಕ್ಕೇ ಪುಟ್ಟ, ಹಗುರ ವೈಡ್ ಲೆನ್ಸುಗಳು ಸಾಧ್ಯ. ಆದರೆ ಮೂಲೆಗೆ ಬರೋ ಬೆಳಕು ತುಂಬಾ ಓರೆಯಾಗಿ ಬೀಳತ್ತೆ. ಫಿಲ್ಮಿಗೆ ಅದರ ಚಿಂತೆ ಇಲ್ಲ. ಸೆನ್ಸರಿಗೆ ಇದೆ, ಮುಂದಿನ ಗಾಜು ದಪ್ಪ ಆದಷ್ಟೂ ಮೂಲೆ ಕೆಡತ್ತೆ. ಎಂ8ರಲ್ಲಿ ಆ ಗಾಜನ್ನ ತೆಳ್ಳಗೆ ಮಾಡಿದ್ರು. ಮೂಲೆ ಸರಿಹೋಯ್ತು, ಆದರೆ ತೆಳ್ಳಗಿನ ಗಾಜು ಅವಗೆಂಪು ಕಿರಣವನ್ನ ಸರಿಯಾಗಿ ತಡೀಲಿಲ್ಲ. ಕಪ್ಪು ಸಿಂಥೆಟಿಕ್ ಬಟ್ಟೆ ನೇರಳೆಯಾಗಿ ಬಂತು! ಕಂಪನಿ ಕೊಂಡವರಿಗೆಲ್ಲ ಎರಡೆರಡು ಫಿಲ್ಟರ್ ಪುಕ್ಕಟೆ ಕೊಡಬೇಕಾಯ್ತು. ಸೆಕೆಂಡ್‌ಹ್ಯಾಂಡ್ ಎಂ8 ಅಗ್ಗಕ್ಕೆ ಸಿಕ್ತು ಅಂತ ಕುಣಿಯೋರು ಇದನ್ನ ತಿಳಿದಿರಲಿ.

ದುಡ್ಡಿನ ಮಾತು ಬೇಗ ಮುಗಿಸ್ತೀವಿ. ಎಂ11 ಬಂದಾಗ ಅಮೆರಿಕದ ಬೆಲೆ 8,995 ಡಾಲರ್. ಇಲ್ಲಿ ಒಂದು ಒಳ್ಳೇ ಕಲರ್ ರೋಲ್ ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸಿದ್ರೆ ನಮಗೆ 30 ಯೂರೋ ಹತ್ತಿರ ಬೀಳತ್ತೆ, ಅಂದ್ರೆ ಒಂದು ಕ್ಲಿಕ್ಕಿಗೆ 80 ಸೆಂಟ್ ಚಿಲ್ಲರೆ. ವರ್ಷಕ್ಕೆ ಹತ್ತು ರೋಲ್ ತೆಗೆಯೋರಿಗೆ ಡಿಜಿಟಲ್ ರೇಂಜ್‌ಫೈಂಡರ್ ಉಳಿತಾಯ ಅನ್ನೋ ವಾದ ನಿಲ್ಲಲ್ಲ. ಅದು ಆಸೆಗೆ ಕೊಳ್ಳೋ ವಸ್ತು, ಆಸೆಗೇ ಕೊಳ್ಳಿ, ತಪ್ಪೇನಿಲ್ಲ.

ಈಗ ಸಿಂಗಪುರದ ಕೇಳುಗರಿಗೆ ನಮ್ಮ ಉತ್ತರ. ಚಿಕ್ಕಪ್ಪನ ಕ್ಯಾಮೆರಾ ರಿಪೇರಿ ಮಾಡಿಸಿ, ಖಂಡಿತ. ಹಿಂಬಾಗಿಲಿನ ಸ್ಪಂಜು ಅಂಟಂಟಾಗಿ ಬೆಳಕು ಸೋರ್ತಾ ಇರತ್ತೆ, ಅದನ್ನ ಮೊದಲು ಬದಲಿಸಿ. ಅದರ ಮೀಟರಿಗೆ ಬೇಕಾಗಿದ್ದು 1.35 ವೋಲ್ಟಿನ ಪಾದರಸದ ಸೆಲ್, ಅದೀಗ ಸಿಗಲ್ಲ. 1.5 ವೋಲ್ಟಿನದ್ದು ಹಾಕಿದ್ರೆ ಮೀಟರ್ ಇಲ್ಲದ ಬೆಳಕನ್ನ ಇದೆ ಅನ್ನತ್ತೆ, ಫೋಟೋ ಕಪ್ಪಾಗತ್ತೆ, ಫಿಲ್ಮ್ ಸಹಿಸದ ತಪ್ಪು ಅದೇ. ಹಿಯರಿಂಗ್ ಏಡ್‌ಗೆ ಹಾಕೋ ಝಿಂಕ್ ಏರ್ ಸೆಲ್ ಹೆಚ್ಚುಕಮ್ಮಿ ಅದೇ ವೋಲ್ಟೇಜ್ ಕೊಡತ್ತೆ. ಹೊರಡೋ ಮುಂಚೆ ಸಿಂಗಪುರದಲ್ಲೇ ಒಂದು ರೋಲ್ ಹೊಡೆದು, ತೊಳೆಸಿ ನೋಡಿ.

ಆದರೆ ಶಾಂತಿಯ ದಿನ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಹೋಮದ ಹೊಗೆ, ಒಳಗಿನ ಮಬ್ಬು ಬೆಳಕು, ಮತ್ತೆ ಸಿಗದ ಗಳಿಗೆ. ಆವತ್ತಿಗೆ ಡಿಜಿಟಲ್ ಇರಲಿ, ರೇಂಜ್‌ಫೈಂಡರೇ ಆಗಬೇಕಿಲ್ಲ, ಮನೆಯಲ್ಲಿರೋ ಯಾವುದಾದ್ರೂ ಸರಿ. ತಂದೆಯವರ ಬಿಳಿ ಪಂಚೆ ನೋಡಿ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿಕೊಳ್ಳಿ. ಬಾದಾಮಿಯ ಕೆಂಪು ಬಂಡೆಗೆ, ಹಂಪಿಯ ಉರಿಬಿಸಿಲಿಗೆ ಕ್ಯಾನೊನೆಟ್ ತೆಗೀರಿ, ಅದಕ್ಕೆ ಹೇಳಿ ಮಾಡಿಸಿದ ಜಾಗ ಅವು.

ಇನ್ನೊಂದು. ಹಂಪಿಯ ವಿರೂಪಾಕ್ಷ ಗುಡಿಯ ಒಳಗೆ ಒಂದು ಕತ್ತಲೆ ಕೋಣೆ ಇದೆ. ಗೋಡೆಯ ಒಂದು ಕಿಂಡಿಯಿಂದ ಬಂದ ಬೆಳಕು ರಾಜಗೋಪುರದ ತಲೆಕೆಳಗಾದ ಚಿತ್ರವನ್ನ ಎದುರು ಗೋಡೆ ಮೇಲೆ ಬಿಡಿಸತ್ತೆ. ಲೆನ್ಸಿಲ್ಲ, ಫೋಕಸ್ ಇಲ್ಲ, ಫಿಲ್ಮಿಲ್ಲ, ಸೆನ್ಸರಿಲ್ಲ. ಅಲ್ಲಿ ಬೆಳಕು ತೀರಾ ಕಮ್ಮಿ, ಡಿಜಿಟಲ್ಲಲ್ಲೇ ತೆಗೀರಿ. ತೆಗೆದದ್ದನ್ನ ನಮಗೂ ಕಳಿಸಿ.