ಸಣಕಲು ಮೈಗೂ ಶುಗರ್

ಪಶ್ಚಿಮ ಲಂಡನ್ನಿನ ಸೌತಾಲ್‌ನಲ್ಲಿ ಜಿಲೇಬಿ ಅಂಗಡಿಗಳಿಗೆ ಬರವಿಲ್ಲ. 1980ರ ದಶಕದಲ್ಲಿ ಅಲ್ಲಿ ಮನೆಮನೆ ಸಮೀಕ್ಷೆ ನಡೆದಾಗ, ಏಷ್ಯಾ ಮೂಲದವರಲ್ಲಿ ಸಕ್ಕರೆ ಕಾಯಿಲೆ ಯುರೋಪಿಯನ್ನರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಕಂಡಿತು. ಎರಡನ್ನೂ ಕೂಡಿಸಿ 'ಬಾಯಿ ಚಪಲ' ಎಂದು ಷರಾ ಬರೆದುಬಿಡುವುದು ಸುಲಭ.

ಹಾಗೆನ್ನುವವರು 2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಅಚ್ಚು ಹಾಕಿದ ಒಂದು ಫೋಟೊ ನೋಡಬೇಕು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್, ಪಕ್ಕದಲ್ಲಿ ಲಂಡನ್ನಿನ ವೈದ್ಯ ಜಾನ್ ಯಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ಇಬ್ಬರದೂ 22.3. ಆದರೆ ಮೈಯೊಳಗಿನ ಕೊಬ್ಬು ಯಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2! ತೆಳ್ಳಗಿದ್ದವರ ಮೈಯಲ್ಲಿ ಕೊಬ್ಬಿಲ್ಲ, ಹಾಗಾಗಿ ಶುಗರ್ ಬರದು ಎಂಬ ಮಾತು ಅಲ್ಲಿಗೇ ಬಿತ್ತು. ಬಿಳಿಯರಿಗೆ ಬಿಎಂಐ 30ರಲ್ಲಿ ಇರುವ ಅಪಾಯ ದಕ್ಷಿಣ ಏಷ್ಯಾದವರಿಗೆ 23.9ರಲ್ಲೇ ಎದುರಾಗುತ್ತದೆ ಎಂದು 2021ರಲ್ಲಿ ಇಂಗ್ಲೆಂಡಿನ ದೊಡ್ಡ ಅಧ್ಯಯನವೊಂದು ಲೆಕ್ಕ ಹಾಕಿತು. ಭಾರತದ ವೈದ್ಯರೂ 23 ದಾಟಿದರೆ ಎಚ್ಚರಿಸುವುದು ಸುಮ್ಮನಲ್ಲ.

ಹಾಗಾದರೆ ಎಲ್ಲ ರಕ್ತದಲ್ಲೇ ಬಂದದ್ದು, ಮಾಡುವುದೇನೂ ಇಲ್ಲವೇ? ಇದು ಇನ್ನೊಂದು ತಪ್ಪು. ವಂಶದ ಒಲವು ಇದ್ದರೂ ನಡಿಗೆ, ತೂಕ ಇಳಿಕೆ, ಔಷಧ ಎಲ್ಲರ ಮೇಲೂ ಕೆಲಸ ಮಾಡುತ್ತವೆ.

ಎಲ್ಲಕ್ಕಿಂತ ಹಟಮಾರಿ ನಂಬಿಕೆಯೆಂದರೆ 'ಏಷ್ಯಾ, ಆಫ್ರಿಕಾ ಮೂಲದ ರೋಗಿಗಳು ವೈದ್ಯರ ಮಾತು ಕೇಳುವುದಿಲ್ಲ' ಎಂಬುದು. ಕೆಲವೊಮ್ಮೆ ಎಡವುವುದು ಅಳತೆಗೋಲೇ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ, ಕೆಂಪು ರಕ್ತಕಣಕ್ಕೆ ಎಷ್ಟು ಸಕ್ಕರೆ ಅಂಟಿದೆ ಎಂದು ನೋಡುತ್ತದೆ. ಆಫ್ರಿಕಾ ಮೂಲದ ಕೆಲವರಲ್ಲಿರುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿಂದ ಆ ಕಣಗಳು ಬೇಗ ಸಾಯುತ್ತವೆ. ಸಕ್ಕರೆ ಅಂಟಲು ಸಮಯವೇ ಸಾಲದು. ವರದಿಯಲ್ಲಿ ಅಂಕಿ ಚೆನ್ನಾಗಿಯೇ ಇರುತ್ತದೆ, ಕಾಯಿಲೆ ಒಳಗೆ ಬೆಳೆಯುತ್ತದೆ. ಇದರಲ್ಲಿ ರೋಗಿಯ ಅಶಿಸ್ತು ಎಲ್ಲಿ ಬಂತು?

ತಪ್ಪು ನಂಬಿಕೆ ರೋಗಿಗಳಲ್ಲೂ ಉಂಟು. ರಂಜಾನ್ ಉಪವಾಸದಲ್ಲಿ ಬೆರಳು ಚುಚ್ಚಿ ರಕ್ತ ನೋಡಿಕೊಂಡರೆ ವ್ರತ ಮುರಿಯುತ್ತದೆ ಎಂದು ಹೆದರುವವರಿದ್ದಾರೆ. ಮುರಿಯುವುದಿಲ್ಲವೆಂದು ಧಾರ್ಮಿಕ ವಿದ್ವಾಂಸರೇ ಹೇಳಿದ್ದಾರೆ. ಉಪವಾಸಕ್ಕೆ ಮೊದಲೇ ವೈದ್ಯರನ್ನು ಕಂಡರೆ ಮಾತ್ರೆ, ಇನ್ಸುಲಿನ್ನಿನ ಪ್ರಮಾಣ ಮತ್ತು ಹೊತ್ತನ್ನು ಬದಲಿಸಿಕೊಡುತ್ತಾರೆ. ಕೆಲವರಿಗೆ ಉಪವಾಸವೇ ಬೇಡವೆನ್ನುತ್ತಾರೆ.

ಬ್ರಿಟನ್ನಿನಲ್ಲಿ ಚಿಕಿತ್ಸೆ ಉಚಿತ, ಆದ್ದರಿಂದ ಎಲ್ಲರಿಗೂ ಒಂದೇ ಎನ್ನುವುದೂ ಪೂರ್ತಿ ನಿಜವಲ್ಲ. ಇನ್ಸುಲಿನ್ ಇಲ್ಲದೆ ನಡೆಯದ ಟೈಪ್ 1 ಮಧುಮೇಹವಿರುವ ಮಕ್ಕಳ ಚಿಕಿತ್ಸೆಯ ರಾಷ್ಟ್ರೀಯ ಪರಿಶೀಲನೆಯಲ್ಲಿ ಇನ್ಸುಲಿನ್ ಪಂಪ್ ಬಳಕೆ ಕಪ್ಪು ಮಕ್ಕಳಲ್ಲೂ ಬಡ ಬಡಾವಣೆಗಳ ಮಕ್ಕಳಲ್ಲೂ ಕಡಿಮೆಯೆಂದು ಮತ್ತೆ ಮತ್ತೆ ಕಂಡಿದೆ. ಇಂಗ್ಲೆಂಡಿನ ಲೆಸ್ಟರ್ ನಗರದವರು ಇನ್ನೊಂದು ತುದಿಯಿಂದ, ಅಂದರೆ ರೋಗಿಗಳ ಕಲಿಕೆಯಿಂದ, ಶುರುಮಾಡಿದರು. ಅಲ್ಲಿನ 'ಡೆಸ್ಮಂಡ್' ಎಂಬ ಮಧುಮೇಹ ತರಗತಿಗಳನ್ನು ದಕ್ಷಿಣ ಏಷ್ಯಾದವರ ಭಾಷೆಗೂ ಊಟದ ತಟ್ಟೆಗೂ ಹೊಂದಿಸಿದರು.