ಪ್ಯಾಕೆಟ್‌ನ ಹಣೆಬರಹ ಎಲ್ಲಿ ಬರೆಯಬೇಕು?

ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ವರು ಆರಿಸಿಕೊಂಡ ವಿಷಯ ಸರಳವಾಗಿತ್ತು. ಲ್ಯಾಬ್‌ನ ಲಿನಕ್ಸ್ ಸರ್ವರ್‌ಗೆ ನುಗ್ಗುವ ಬೇಡದ ಯುಡಿಪಿ ಪ್ಯಾಕೆಟ್‌ಗಳನ್ನು ತಡೆಯುವುದು. ಎಡವಿದ್ದು ಟೂಲ್ ಆರಿಸುವಾಗ. ರೆಸ್ಯೂಮೆಯಲ್ಲಿ ಚೆನ್ನಾಗಿ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಪಿ4 ಭಾಷೆಯನ್ನು ಹಿಡಿದೆವು.

ಪಿ4 ಒಳ್ಳೆಯದೇ. ಪ್ಯಾಕೆಟ್‌ನ ಯಾವ ಹೆಡರ್ ಓದಬೇಕು, ಓದಿ ಏನು ಮಾಡಬೇಕು ಎಂದು ಸ್ವಿಚ್‌ಗೇ ಹೇಳಿಕೊಡಬಹುದು. ಆದರೆ ವೇಗ ಸಿಗಬೇಕಾದರೆ ಅದಕ್ಕೆ ತಕ್ಕ ಚಿಪ್ ಬೇಕು. ಅಂಥ ಹೆಸರಾಂತ ಚಿಪ್ ಟೊಫಿನೊದ ಮುಂದಿನ ಪೀಳಿಗೆಯ ಕೆಲಸವನ್ನು ಇಂಟೆಲ್ 2023ರಲ್ಲಿ ನಿಲ್ಲಿಸಿತು. ನಮ್ಮ ಬಳಿ ಇದ್ದದ್ದು ಲ್ಯಾಪ್‌ಟಾಪ್, ಅದರಲ್ಲಿ ಬಿಎಂವಿ2 ಎಂಬ ಸಾಫ್ಟ್‌ವೇರ್ ಸ್ವಿಚ್. ಅದು ಕಲಿಯುವುದಕ್ಕೆ, ಓಟಕ್ಕಲ್ಲ. ಐದು ವಾರ ಕಳೆದು ರಿವ್ಯೂಗೆ ಹೋದಾಗ ಗೈಡ್ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: ‘ಪ್ಯಾಕೆಟ್‌ನ ಹಣೆಬರಹ ಎಲ್ಲಿ ತೀರ್ಮಾನವಾಗಬೇಕು? ಸ್ವಿಚ್‌ನಲ್ಲೋ, ಸರ್ವರ್‌ನಲ್ಲೋ?’ ನಾವು ಮುಖ ಮುಖ ನೋಡಿಕೊಂಡೆವು.

ಅಂದು ರಾತ್ರಿ ಹಾಸ್ಟೆಲ್‌ನಲ್ಲಿ ಲೆಕ್ಕ ಹಾಕಿದೆವು. 10 ಗಿಗಾಬಿಟ್ ಲಿಂಕ್‌ನಲ್ಲಿ ಅತಿ ಚಿಕ್ಕ ಪ್ಯಾಕೆಟ್‌ಗಳು ಸೆಕೆಂಡಿಗೆ ಸುಮಾರು 1.48 ಕೋಟಿ ಬರಬಹುದು. ಒಂದೊಂದಕ್ಕೆ ಸಿಗುವುದು ಸುಮಾರು 67 ನ್ಯಾನೊಸೆಕೆಂಡ್. ಕರ್ನಲ್‌ನ ಮಾಮೂಲಿ ದಾರಿಯಲ್ಲಿ ಒಂದು ಕೋರ್‌ಗೆ ಇದು ಸಾಲದು. ಡಿಪಿಡಿಕೆ ಕರ್ನಲ್ ಅನ್ನೇ ಬದಿಗಿಟ್ಟು ಪ್ಯಾಕೆಟ್‌ಗಳನ್ನು ನೇರವಾಗಿ ನಮ್ಮ ಪ್ರೋಗ್ರಾಂಗೆ ಕೊಡುತ್ತದೆ. ವೇಗ ಅಪಾರ. ಆದರೆ ಪ್ಯಾಕೆಟ್ ಬರಲಿ, ಬಿಡಲಿ, ಸಾಮಾನ್ಯವಾಗಿ ಒಂದು ಕೋರ್ ಪೂರ್ತಿ ಅದಕ್ಕೇ ದುಡಿಯುತ್ತಿರಬೇಕು. ನಮ್ಮ ಸರ್ವರ್‌ಗೆ ಬೇರೆ ಕೆಲಸಗಳೂ ಇದ್ದವು.

ಉಳಿದದ್ದು ಎಕ್ಸ್‌ಡಿಪಿ, ಗೇಟಿನಲ್ಲೇ ನಿಂತ ವಾಚ್‌ಮನ್. 2016ರಲ್ಲಿ ಲಿನಕ್ಸ್ 4.8ರ ಜೊತೆ ಬಂದದ್ದು. ನೆಟ್‌ವರ್ಕ್ ಡ್ರೈವರ್‌ನ ಹಂತದಲ್ಲೇ ಪುಟ್ಟ ಇಬಿಪಿಎಫ್ ಪ್ರೋಗ್ರಾಂ ಓಡಿ, ಬೇಡದ ಪ್ಯಾಕೆಟ್ ಎಸೆದು, ಉಳಿದವನ್ನು ಒಳಗೆ ಬಿಡುತ್ತದೆ. ಸಲೀಸೇನಲ್ಲ. ಪ್ಯಾಕೆಟ್‌ನ ಅಂಚು ದಾಟಿ ಓದುವುದಿಲ್ಲ ಎಂದು ಖಾತ್ರಿಯಾಗುವವರೆಗೆ ಕರ್ನಲ್‌ನ ವೆರಿಫೈಯರ್ ನಮ್ಮ ಕೋಡ್ ಅನ್ನು ಮತ್ತೆ ಮತ್ತೆ ತಿರಸ್ಕರಿಸಿತು. ಎರಡು ವಾರದ ಜಾಗರಣೆ ಬಳಿಕ ಡೆಮೊ ಓಡಿತು. ಮೊದಲ ರಿವ್ಯೂನ ಅಂಕ ಮಾತ್ರ ಹೋದದ್ದು ಹೋಯಿತು.

ಗೆಳೆಯರೇ, ನಾವು ಕಲಿತದ್ದು ಇಷ್ಟು. ತೀರ್ಮಾನ ಸ್ವಿಚ್‌ನಲ್ಲಾಗಬೇಕು, ತಕ್ಕ ಚಿಪ್ಪೂ ಇದೆ ಎಂದಾದರೆ ಪಿ4. ಪ್ಯಾಕೆಟ್ ಕೆಲಸಕ್ಕೇ ಯಂತ್ರವನ್ನು ಮೀಸಲಿಡಬಹುದಾದರೆ ಡಿಪಿಡಿಕೆ. ಸರ್ವರ್ ಬೇರೆ ಕೆಲಸವನ್ನೂ ಮಾಡಬೇಕಿದ್ದರೆ ಎಕ್ಸ್‌ಡಿಪಿ. ನಾಳೆ ಇಂಟರ್‌ವ್ಯೂನಲ್ಲಿ ‘ಇದನ್ನೇ ಏಕೆ ಆರಿಸಿದಿರಿ?’ ಎಂದು ಕೇಳಿದರೆ, ಈಗ ನಮ್ಮ ಬಳಿ ಉತ್ತರವಿದೆ.