ದೇಶಾಟನವು ವ್ಯರ್ಥವೇ?

ಕೋಶ ಓದಬೇಕು, ದೇಶ ಸುತ್ತಬೇಕೆಂಬುದು ನಮ್ಮ ಹಿರಿಯರ ಮಾತು. ಅಂತರಜಾಲದ ದೆಸೆಯಿಂದ ಕೋಶವೆಲ್ಲ ಅಂಗೈಗೆ ಬಂದಿರುವ ಈ ಕಾಲದಲ್ಲಿ, ಗೃಹಸ್ಥನು ಕೂಡಿಟ್ಟ ಹಣವನ್ನು ವೆಚ್ಚಮಾಡಿ ದೇಶವನ್ನೂ ಸುತ್ತಬೇಕೇ ಎಂಬ ಸಂದೇಹವು ಸಹಜವಾದುದು.

ಪ್ಯಾರಿಸ್ ನಗರದ ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ ಮೋನಾ ಲಿಸಾ ಚಿತ್ರವು 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ ಮಾತ್ರ. ಗಾಜಿನ ಹಿಂದಿರುವ ಅದನ್ನು ಜನಸಂದಣಿಯ ನಡುವೆ ಇಣಿಕಿ ನೋಡುವುದಕ್ಕಿಂತ, ಮನೆಯಲ್ಲಿ ಕುಳಿತು ಪಟದಲ್ಲಿಯೇ ವಿವರವಾಗಿ ನೋಡಬಹುದೆಂದು ನಾವೂ ಒಪ್ಪುವೆವು.

ಈಜಿಪ್ಟಿನ ಗೀಜಾದಲ್ಲಿರುವ ಮಹಾಪಿರಮಿಡ್ಡಿನ ಮಾತು ಬೇರೆ. ಸುಮಾರು 4,500 ವರ್ಷಗಳ ಹಿಂದೆ ಕಟ್ಟಿದ ಅದರ ಒಂದೊಂದು ಪಾರ್ಶ್ವವೂ ಸುಮಾರು 230 ಮೀಟರ್ ಉದ್ದವೆಂದು ಓದಿದವನಿಗೆ ಅದು ಬರಿಯ ಅಂಕಿ. ಬಿಸಿಲಿನಲ್ಲಿ ಅದನ್ನು ಒಮ್ಮೆ ಸುತ್ತಿಬರಲು ಒಂದು ಕಿಲೋಮೀಟರಿನಷ್ಟು ನಡೆಯಬೇಕು. ಹಾಗೆ ನಡೆದು ದಣಿದವನಿಗೆ, ಆ ಕಲ್ಲುಗಳನ್ನು ಎಳೆದು ತಂದವರ ಶ್ರಮವೆಷ್ಟೆಂಬುದು ಆಗ ತಿಳಿಯುವುದು.

ಆದುದರಿಂದ ಕಣ್ಣಿಗೆ ಸಾಲುವುದನ್ನು ಮನೆಯಲ್ಲಿ ನೋಡಿರಿ. ಕಾಲಿನಿಂದ ಅಳೆಯಬೇಕಾದುದನ್ನು ಹೋಗಿ ಕಾಣಿರಿ. ಸಾಲಮಾಡಿ ಹೊರಡಿರೆಂದು ನಾವು ಹೇಳೆವು. ಆದರೆ ಕೈಯಲ್ಲಿ ಹಣ ಸೇರುವ ವೇಳೆಗೆ ಮೊಣಕಾಲು ಸೋತಿರುವುದು ಅನೇಕ ಗೃಹಸ್ಥರ ಪಾಡು. ಶಕ್ತಿಯಿರುವಾಗಲೇ, ಒಮ್ಮೆಯಾದರೂ, ದಂಪತಿಗಳು ಕೂಡಿ ಹೋಗಿಬರುವುದು ಲೇಸು.